ಕಾರಿನ ಚಕ್ರ ಕಳುವಾದರೆ

ಬೆಳಿಗ್ಗೆ ಎದ್ದಾಗ ಸ್ಪೋರ್ಟ್ಸ್ ಕಾರು ಕಲ್ಲಿನ ಮೇಲೆ ಕೂತಿದ್ದರೆ ಅಲುಗಾಡಿಸಬೇಡಿ. ಫೋಟೋ ತೆಗೆದು ಎಫ್‌ಐಆರ್ ಮಾಡಿಸಿ, ವಿಮೆಯವರಿಗೆ ಅವತ್ತೇ ತಿಳಿಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ಹಣ ಸಿಗದು.

ಹೊಸ ರಿಮ್ ಕೊಳ್ಳುವಾಗ ಇಂಚು ನೋಡಿದರೆ ಸಾಲದು. ಪಿಸಿಡಿ (ನಟ್ಟಿನ ತೂತುಗಳ ವೃತ್ತದ ವ್ಯಾಸ), ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ), ನಡುವಿನ ತೂತು ಮೂರೂ ಹೊಂದಬೇಕು. ಆಫ್‌ಸೆಟ್ ತಪ್ಪಿದರೆ ಟಯರ್ ಫೆಂಡರಿಗೆ ಉಜ್ಜಬಹುದು. ಟಯರ್ ಅಳತೆ ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುತ್ತದೆ. ಹಿಂದೆ-ಮುಂದೆ ಬೇರೆಯೂ ಇರಬಹುದು. 225/45 ಆರ್17 94ಡಬ್ಲ್ಯೂ ಎಂದಿದ್ದರೆ 94 ಅಂದರೆ ಒಂದು ಟಯರಿಗೆ 670 ಕೆಜಿ ಭಾರ, ಡಬ್ಲ್ಯೂ ಅಂದರೆ ಗಂಟೆಗೆ 270 ಕಿಮೀ ವೇಗದ ಮಿತಿ. ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದು ಬೇಡ. ಟಯರಿನ ಪಕ್ಕದಲ್ಲಿರುವ ಡಾಟ್ (DOT) ಸಂಖ್ಯೆಯ ಕೊನೆಗೆ 2324 ಇದ್ದರೆ 2024ರ 23ನೇ ವಾರದ ಮಾಲು.

ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದ ಮಳೆಗೆ ಸೆಮಿ-ಸ್ಲಿಕ್ (ಗೀರು ಕಡಿಮೆಯಿರುವ ರೇಸಿಂಗ್ ಮಾದರಿಯ ಟಯರ್) ಹಾಕುವುದು ಶುದ್ಧ ಹುಚ್ಚು. ನೀರು ಹೊರಹಾಕುವ ಆಳದ ಗೀರುಗಳಿರಲಿ. ನಟ್ಟನ್ನು ಟಾರ್ಕ್ ವ್ರೆಂಚಿನಲ್ಲೇ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿದು, 80 ಕಿಮೀ ಓಡಿದ ಮೇಲೆ ಮತ್ತೆ ಪರೀಕ್ಷಿಸಿ. ಪ್ರತಿ ಚಕ್ರಕ್ಕೂ ತನ್ನದೇ ಕೀಲಿಯಿಂದ ಬಿಚ್ಚುವ ಒಂದು ಲಾಕ್ ನಟ್ ಹಾಕಿಸಿ, ಅದರ ಕೀಲಿಯನ್ನು ಡಿಕ್ಕಿಯಲ್ಲಿ ಬಿಡಬೇಡಿ.