ಆಲೂಗೆಡ್ಡೆ ಬೀಜ ಹಾಸನದಲ್ಲೇ ಮಾಡಲು ಹೊರಟಾಗ

ಬಯೋಟೆಕ್ ಅಂದರೆ ಜನಕ್ಕೆ ನೆನಪಾಗುವುದು ಬೆಂಗಳೂರು, ಔಷಧಿ ಕಂಪನಿ, ದೊಡ್ಡ ಕಟ್ಟಡ. ಆದರೆ 1978ರಲ್ಲಿ ಬಯೋಕಾನ್ ಶುರುವಾದಾಗ ತಯಾರಿಸುತ್ತಿದ್ದ ಮೊದಮೊದಲ ಪದಾರ್ಥಗಳಲ್ಲಿ ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೈನ್ ಕಿಣ್ವವೂ ಇತ್ತು. ಅಂದರೆ ತೋಟದ ಬೆಳೆಯಿಂದಲೇ ಶುರುವಾದ ಉದ್ಯಮ ಅದು. ನಾನು ಹಾಸನದ ಹತ್ತಿರ ಒಂದು ಸಣ್ಣ ಟಿಶ್ಯೂ ಕಲ್ಚರ್ ಲ್ಯಾಬ್, ಅಂದರೆ ಗಿಡದ ಸಣ್ಣ ತುಂಡನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವ ಲ್ಯಾಬ್, ನಡೆಸುತ್ತಿದ್ದೇನೆ. ನಮ್ಮಂಥ ಬೇಸಾಯದ ದೇಶದಲ್ಲಿ ಈ ಉದ್ಯಮ ಬೆಳೆಯಬೇಕಾದರೆ, ರೈತ ವರ್ಷಾ ವರ್ಷಾ ದುಡ್ಡು ಕೊಟ್ಟು ತರುವ ಬೀಜದಿಂದಲೇ ಶುರು ಮಾಡಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಸನದಲ್ಲಿ ಆ ಬೀಜ ಯಾವುದು ಅಂತ ಹುಡುಕಬೇಕಿರಲಿಲ್ಲ. ಮುಂಗಾರಿಗೆ ಮುಂಚೆ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಎಪಿಎಂಸಿಗೆ ಬಿತ್ತನೆ ಆಲೂಗೆಡ್ಡೆ ಬಂದು ಇಳಿಯುತ್ತದೆ. ಎಕರೆಗೆ ಹನ್ನೆರಡು ಹದಿನೈದು ಚೀಲ ಬೇಕು. ಬೆಳೆಯ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅಷ್ಟು ದೂರದಿಂದ ಯಾಕೆ ತರಬೇಕು? ಆಲೂಗೆಡ್ಡೆಯ ಇಳುವರಿ ಕೆಡಿಸುವ ವೈರಸ್ ಹರಡುವುದು ಗಿಡಹೇನಿನಿಂದ. ಉತ್ತರದ ಬಯಲಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೇನು ತೀರಾ ಕಮ್ಮಿ. ಅಷ್ಟರೊಳಗೆ ಅವರು ಬೀಜದ ಬೆಳೆ ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಅಂಥ ಬಿಡುವು ಸಿಗುವುದಿಲ್ಲ. ಮನೆಯಲ್ಲಿಟ್ಟ ಗೆಡ್ಡೆಯನ್ನೇ ಮತ್ತೆ ಮತ್ತೆ ನೆಟ್ಟರೆ ವೈರಸ್ ಒಳಗೇ ಕೂತು ವರ್ಷದಿಂದ ವರ್ಷಕ್ಕೆ ಇಳುವರಿ ಕುಸಿಯುತ್ತದೆ. ಇನ್ನು ಚೀಲದಲ್ಲಿ ಬಂದ ಗೆಡ್ಡೆಯ ಒಳಗೇನಿದೆ ಅಂತ ಕಣ್ಣಲ್ಲಿ ನೋಡಿ ಹೇಳುವುದಕ್ಕೂ ಆಗುವುದಿಲ್ಲ.

ಇದಕ್ಕೆ ದಾರಿ ತೋರಿಸಿದ್ದು ಬೇರು ಬಿಟ್ಟ ಕುಡಿ ಸಸಿಯ ಪದ್ಧತಿ, ಅಂದರೆ ಗೆಡ್ಡೆಯ ಬದಲು ಕುಡಿಗೆ ಬೇರು ಬರಿಸಿ ಸಸಿಯಾಗಿ ನೆಡುವುದು. ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದವರು ಮತ್ತು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದವರು ಸೇರಿ ಇದನ್ನು ಇಲ್ಲಿಗೆ ತಂದರು. ಹಾಸನದ ಸೋಮನಹಳ್ಳಿ ಕಾವಲಿನ ಸಂಶೋಧನಾ ಕೇಂದ್ರದಲ್ಲಿ ಇದರ ಕೆಲಸ ನಡೆಯಿತು. ನಾವು ಕೈ ಹಾಕಿದ್ದೂ ಇದಕ್ಕೇ.

ಲ್ಯಾಬ್ ಕೆಲಸ ಕಷ್ಟದ್ದಲ್ಲ, ಶಿಸ್ತಿನದ್ದು. ವೈರಸ್ ಇಲ್ಲವೆಂದು ಪರೀಕ್ಷೆಯಾದ ತಾಯಿ ಸಸಿ ತರಬೇಕು. ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ಲವಣಗಳು, ಗಟ್ಟಿಯಾಗಲು ಅಗರ್ ಸೇರಿಸಿ, ಆಟೋಕ್ಲೇವ್‌ನಲ್ಲಿ, ಅಂದರೆ ಆವಿಯ ಒತ್ತಡದಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರದಲ್ಲಿ, 121 ಡಿಗ್ರಿಗೆ ಬೇಯಿಸಬೇಕು. ಒಂದೊಂದು ಗೆಣ್ಣು ಕತ್ತರಿಸಿ ಬಾಟಲಿಗೆ ಇಟ್ಟರೆ ಮೂರು ನಾಲ್ಕು ವಾರದಲ್ಲಿ ಅದು ಪೂರ್ತಿ ಗಿಡ. ಶುದ್ಧ ಗಾಳಿ ಬೀಸುವ ಲ್ಯಾಮಿನಾರ್ ಮೇಜಿನ ಮುಂದೆ ಕೂತು ಕತ್ತರಿಸುವವರು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು. ಮಳೆಗಾಲದಲ್ಲಿ ಬೂಷ್ಟು ಜಾಸ್ತಿ. ಬಾಟಲಿಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಕಂಡರೂ ಅವರ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ಆ ಕಣ್ಣನ್ನು ಯಾವ ಮೆಷೀನೂ ನನಗೆ ಕೊಡಲಾರದು.

ನಿಜವಾದ ಚಾಕಚಕ್ಯತೆ ಬೇಕಾಗುವುದು ನೆಟ್‌ಹೌಸ್‌ನಲ್ಲಿ, ಅಂದರೆ ಬಲೆ ಹೊದಿಸಿದ ಸಸಿಮನೆಯಲ್ಲಿ. ಬಾಟಲಿಯಿಂದ ತೆಗೆದ ತಾಯಿ ಗಿಡದ ಕುಡಿ ಚಿವುಟಿ, ತೆಂಗಿನ ನಾರಿನ ಪುಡಿ ತುಂಬಿದ ಪ್ರೋಟ್ರೇಯಲ್ಲಿ (ಸಣ್ಣ ಗುಳಿಗಳ ಸಸಿ ತಟ್ಟೆ) ಊರುತ್ತೇವೆ. ತಾಯಿ ಗಿಡದ ಎಲೆ ದುಂಡಗೆ, ಒಂಟಿಯಾಗಿ ಇರುವವರೆಗೆ ಮಾತ್ರ ಕುಡಿ ತೆಗೆಯಬೇಕು. ಹೊಲದ ಆಲೂಗೆಡ್ಡೆ ಎಲೆಯ ಥರ ಒಂದೇ ಕಡ್ಡಿಗೆ ಐದಾರು ಎಲೆ ಬಂತೋ, ಗಿಡಕ್ಕೆ ವಯಸ್ಸಾಯಿತು ಅಂತ ಅರ್ಥ. ಅಂಥ ಕುಡಿ ನೆಟ್ಟರೆ ಗಿಡ ಬೆಳೆಯುವ ಮುಂಚೆಯೇ ಗೆಡ್ಡೆ ಕಟ್ಟಲು ಹೊರಡುತ್ತದೆ. ಇಳುವರಿ ಅಲ್ಲಿಗೇ ಹೋಯಿತು. ಆದ್ದರಿಂದ ಬೆಳಗ್ಗೆ ಕುಡಿ ತೆಗೆಯುವ ಮುಂಚೆ ಪ್ರತಿ ಟ್ರೇಯ ಎಲೆ ನೋಡಲೇಬೇಕು. ಈ ಕೆಲಸವನ್ನು ನಾನು ಇನ್ನೂ ಬೇರೆಯವರಿಗೆ ಬಿಟ್ಟಿಲ್ಲ.

ರೈತರನ್ನು ಒಪ್ಪಿಸುವುದು ಬೇರೆಯೇ ಕೆಲಸ. "ಅಲ್ಲ ಕಣಮ್ಮ, ಆಲೂಗೆಡ್ಡೆ ಸಸಿ ನೆಡೋಕೆ ಇದೇನು ಟೊಮೇಟೋನಾ?" ಅಂತ ಶಾಂತಿಗ್ರಾಮದ ಕಡೆಯ ಹಿರಿಯರೊಬ್ಬರು ಕೇಳಿದರು. ನಾನು ವಾದಕ್ಕೆ ಹೋಗಲಿಲ್ಲ. ಕೆಲವೇ ಗುಂಟೆಗೆ ಸಸಿ ಕೊಟ್ಟು, ಕೀಳುವ ದಿನ ಅಕ್ಕಪಕ್ಕದವರನ್ನೂ ಕರೆಸಿ ಅಂತ ಕೇಳಿಕೊಂಡೆ. ಒಂದು ಸಸಿಯ ಬುಡದಲ್ಲಿ ಏಳೆಂಟು ಗೆಡ್ಡೆ ಕಂಡ ಮೇಲೆ ಅವರೇ ಮಣ್ಣು ಕೆದಕಿ ಉಳಿದವರಿಗೆ ತೋರಿಸಿದರು. ಈಗ ಅವರು ನಮ್ಮ ಬೀಜ ಬೆಳೆಗಾರರು. ಹಿಂಗಾರಿನಲ್ಲಿ ನೆಟ್ಟು ಫೆಬ್ರವರಿ ಹೊತ್ತಿಗೆ ಕಿತ್ತರೆ, ಗೆಡ್ಡೆ ಎರಡು ಎರಡೂವರೆ ತಿಂಗಳ ನಿದ್ದೆ ಮುಗಿಸಿ ಮುಂಗಾರಿಗೆ ಸರಿಯಾಗಿ ಮೊಳಕೆ ಬಿಡುತ್ತದೆ. ಒಂದು ಮಾತು ಮಾತ್ರ ಎಲ್ಲರಿಗೂ ಬಿಡಿಸಿ ಹೇಳುತ್ತೇನೆ: ಬೀಜ ಶುದ್ಧವಾಗಿದ್ದರೂ ಅಂಗಮಾರಿ ರೋಗ ಗಾಳಿ ಮಳೆಯಲ್ಲಿ ಬಂದೇ ಬರುತ್ತದೆ. ಕುಫ್ರಿ ಹಿಮಾಲಿನಿ ಅನ್ನುವ ಆಲೂಗೆಡ್ಡೆ ತಳಿ ಅದನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಆದರೂ ಸಿಂಪಡಣೆ ಬಿಡುವ ಹಾಗಿಲ್ಲ.

ಕೇಂದ್ರ ಸರ್ಕಾರದ ಬಯೋಟೆಕ್ನಾಲಜಿ ಇಲಾಖೆ ಹುಟ್ಟಿದ್ದು 1986ರಲ್ಲಿ. ಟಿಶ್ಯೂ ಕಲ್ಚರ್ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ಬಂದದ್ದು 2006ರಲ್ಲಿ. ಇವೆರಡೂ ಒಳ್ಳೆಯ ಕೆಲಸಗಳು. ಆದರೆ ಸಣ್ಣ ಲ್ಯಾಬ್‌ನ ಉಸಿರು ಕಟ್ಟುವುದು ಕರೆಂಟ್ ಬಿಲ್ಲಿನಲ್ಲಿ. ಬೆಳವಣಿಗೆ ಕೋಣೆ ಹಗಲೂ ರಾತ್ರಿ 25 ಡಿಗ್ರಿ ಆಸುಪಾಸಿನಲ್ಲೇ ಇರಬೇಕು, ದಿನಕ್ಕೆ 16 ಗಂಟೆ ದೀಪ ಉರಿಯಬೇಕು. ಸಾಲಕ್ಕೆ ಹೋದಾಗ ಒಂದು ಬ್ಯಾಂಕಿನವರು ಎಸಿ, ಜನರೇಟರ್ ಎಲ್ಲಕ್ಕೂ ಬೆಲೆ ಕಟ್ಟಿದರು. ಬಾಟಲಿಯಲ್ಲಿದ್ದ ತಾಯಿ ಸಸಿಗಳಿಗೆ ಸೊನ್ನೆ. ನಮ್ಮ ಆಸ್ತಿ ಇರುವುದೇ ಅದರಲ್ಲಿ, ಅಲ್ವಾ? ಆ ಲೆಕ್ಕ ಬದಲಾಗದೆ ಜಿಲ್ಲೆಗಳಲ್ಲಿ ಇಂಥ ಲ್ಯಾಬ್‌ಗಳು ಏಳುವುದು ಕಷ್ಟ.

ಈಗ ಶುಂಠಿಗೆ ಕೈ ಹಾಕಿದ್ದೇವೆ. ಕೊಳೆ ರೋಗಕ್ಕೆ ಹೆದರಿ ಶುದ್ಧ ಬೀಜ ಕೇಳುವವರು ತುಂಬಾ ಜನ. ಆದರೆ ಟಿಶ್ಯೂ ಕಲ್ಚರ್ ಶುಂಠಿ ಮೊದಲ ಬೆಳೆಯಲ್ಲಿ ಸಣ್ಣ ಗೆಡ್ಡೆಯನ್ನಷ್ಟೇ ಕೊಡುತ್ತದೆ. ಬಿತ್ತುವ ಗಾತ್ರಕ್ಕೆ ಬರಲು ಎರಡು ಬೆಳೆ ಕಾಲವಾದರೂ ಬೇಕು. ಆ ಎರಡು ವರ್ಷದ ಖರ್ಚನ್ನು ಲ್ಯಾಬ್ ಎಷ್ಟು ಹೊರಬೇಕು, ಬೆಳೆಗಾರ ಎಷ್ಟು ಹೊರಬೇಕು ಅಂತ ಆಲೂರು ಕಡೆಯವರ ಜೊತೆ ಕೂತು ಮಾತಾಡುತ್ತಿದ್ದೇವೆ.