ಪೋರ್ಫಿರಿನ್‌ಗೆ ಹಾಕಿದ ಜಿಂಕು ಆಸಿಡ್‌ನಲ್ಲಿ ಉದುರಿ ಹೋದ ಕಥೆ (ನನ್ನ ಅನುಭವ)

ಎಂಎಸ್ಸಿ ಪ್ರಾಜೆಕ್ಟ್‌ಗೆ ನಾನು ತಗೊಂಡಿದ್ದು ಪೋರ್ಫಿರಿನ್, ನಮ್ಮ ರಕ್ತದ ಹೀಮ್‌ನಲ್ಲಿ ಕಬ್ಬಿಣ ಹಿಡ್ಕೊಂಡು ಕೂತಿರೋ ಉಂಗುರ ಇದ್ಯಲ್ಲ, ಅದೇ ಜಾತಿ. ಬೆಳಕು ಬಿದ್ರೆ ಆ ಶಕ್ತಿನ ಪಕ್ಕದ ಆಕ್ಸಿಜನ್‌ಗೆ ದಾಟಿಸುತ್ತೆ, ಹಾಗೆ ಹುಟ್ಟೋ ಸಿಂಗ್ಲೆಟ್ ಆಕ್ಸಿಜನ್ನೇ (ಶಕ್ತಿ ತುಂಬ್ಕೊಂಡು ಚುರುಕಾದ ಆಕ್ಸಿಜನ್) ಕ್ಯಾನ್ಸರ್ ಕೋಶನೋ ಬ್ಯಾಕ್ಟೀರಿಯಾನೋ ಸಾಯ್ಸೋದು.

ಟಿಪಿಪಿ, ಅಂದ್ರೆ ಸುತ್ತ ನಾಲ್ಕು ಫೀನೈಲ್ ಗುಂಪು ಇರೋ ಪೋರ್ಫಿರಿನ್, ಮಾಡೋದು ಸುಲಭ, ಕುದಿಯೋ ಪ್ರೊಪಿಯಾನಿಕ್ ಆಸಿಡ್‌ಗೆ ಪಿರೋಲ್, ಬೆಂಜಾಲ್ಡಿಹೈಡ್ ಹಾಕಿ ಅರ್ಧ ಗಂಟೆ ಬಿಟ್ರೆ ಟಾರ್ ಥರ ಕಪ್ಪಾಗುತ್ತೆ, ಆರಿಸಿ ಸೋಸಿ ಮೆಥನಾಲ್‌ನಲ್ಲಿ ತೊಳೆದ್ರೆ ನೇರಳೆ ಹರಳು, ಇಳುವರಿ 20% ಆಸುಪಾಸು. ವಾಸನೆ ಮಾತ್ರ ಬಟ್ಟೆ ಬಿಡಲ್ಲ, ಬಸ್ಸಲ್ಲಿ ಪಕ್ಕದವರು ಎದ್ದು ಹೋಗಿದ್ದೂ ಉಂಟು.

ಅದರಲ್ಲಿ ಒಂದು ಪಾಲಿಗೆ ಜಿಂಕ್, ಇನ್ನೊಂದಕ್ಕೆ ಕಾಪರ್ ಸೇರಿಸ್ದೆ. ಟಿಎಲ್‌ಸಿ ಪ್ಲೇಟನ್ನ (ಪದಾರ್ಥಗಳನ್ನ ಚುಕ್ಕೆಗಳಾಗಿ ಬೇರ್ಪಡಿಸೋ ತೆಳು ಪದರದ ಹಲಗೆ) ಯುವಿ ಲ್ಯಾಂಪ್ ಕೆಳಗಿಟ್ರೆ ಟಿಪಿಪಿ ಕೆಂಡದ ಹಾಗೆ ಕೆಂಪು, ಜಿಂಕ್‌ದು ಸ್ವಲ್ಪ ಕಿತ್ತಳೆ ಕಡೆಗೆ, ಕಾಪರ್‌ದು ಬರೀ ಕಪ್ಪು ಚುಕ್ಕೆ. ಕಾಪರ್‌ದು ಕೆಲಸ ಮಾಡಲ್ವೇನೋ ಅಂತ ಅಲ್ಲೇ ಅನುಮಾನ ಬಂತು. ಡಿಪಿಬಿಎಫ್ ಅಂತ ಒಂದು ಹಳದಿ ಪದಾರ್ಥ, ಸಿಂಗ್ಲೆಟ್ ಆಕ್ಸಿಜನ್ ತಗುಲಿದ್ರೆ ಬಣ್ಣ ಹೋಗುತ್ತೆ, ಜಿಂಕ್ ಇದ್ದ ಕ್ಯುವೆಟ್‌ನಲ್ಲಿ (ದ್ರಾವಣ ಹಾಕಿ ಬೆಳಕು ಹಾಯಿಸೋ ಪುಟ್ಟ ಪಾತ್ರೆ) ಅದರ ಬಣ್ಣ ಬೇಗ ಇಳೀತು, ಕಾಪರ್‌ದರಲ್ಲಿ ಹೆಚ್ಚುಕಮ್ಮಿ ಹಾಗೇ ನಿಂತಿತ್ತು. ಕಾಪರ್‌ನಲ್ಲಿ ಒಂಟಿ ಎಲೆಕ್ಟ್ರಾನ್ ಇರೋದ್ರಿಂದ ಆಕ್ಸಿಜನ್ ಸಿಗೋದ್ರೊಳಗೆ ಶಕ್ತಿ ಶಾಖವಾಗಿ ಸೋರಿ ಹೋಗುತ್ತೆ. ಒಂದು ಮಾತು, ಡಿಪಿಬಿಎಫ್ ತಾನೇ ನೀಲಿ ಬೆಳಕಿಗೆ ಹಾಳಾಗುತ್ತೆ, ನಾನು ಬ್ಲಾಂಕ್ (ಪೋರ್ಫಿರಿನ್ ಹಾಕದ, ಹೋಲಿಸೋಕೆ ಇಡೋ ಸ್ಯಾಂಪಲ್) ಇಡದೇ ಒಂದು ವಾರ ಸುಮ್ನೆ ಖುಷಿಪಟ್ಟೆ, ಆಮೇಲೆ 500 ನ್ಯಾನೊಮೀಟರ್ ಮೇಲಿನ ಬೆಳಕು ಮಾತ್ರ ಬಿಡೋ ಫಿಲ್ಟರ್ ಹಾಕಿ ಎಲ್ಲಾ ಮತ್ತೆ ಮಾಡ್ದೆ.

ಇನ್ನು ನೀರಲ್ಲಿ ಕರಗ್ಬೇಕಲ್ಲ, ಅದಕ್ಕೆ ಜಿಂಕ್ ಹಾಕಿದ್ದನ್ನೇ ತಗೊಂಡು ಸಲ್ಫೋನೇಟ್ ಮಾಡೋಣ, ಅಂದ್ರೆ ನೀರಿಗೆ ಒಗ್ಗೋ ಸಲ್ಫೋನೇಟ್ ಗುಂಪು ಅಂಟಿಸೋಣ ಅಂತ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್‌ಗೆ ಸುರಿದೆ, ತಕ್ಷಣ ಹಸಿರು! ಕೊನೆಗೆ ಸ್ಪೆಕ್ಟ್ರಮ್ ತೆಗೆದ್ರೆ ಲೋಹ ಇದ್ರೆ ಎರಡು ಇರಬೇಕಾದ ಕ್ಯೂ ಬ್ಯಾಂಡ್ (ಪೋರ್ಫಿರಿನ್ ಕಣ್ಣಿಗೆ ಕಾಣೋ ಬೆಳಕು ಹೀರೋ ಪಟ್ಟಿ) ನಾಲ್ಕು, ಅಂದ್ರೆ ಆಸಿಡ್ ಜಿಂಕನ್ನ ಪೂರ್ತಿ ಕಿತ್ತು ಹಾಕಿತ್ತು. ಮೊದಲು ಸಲ್ಫೋನೇಟ್, ಆಮೇಲೆ ಜಿಂಕ್, ಇಷ್ಟು ತಿಳಿಯೋಕೆ ಎರಡು ವಾರ ಹೋಯ್ತು.

ಅಷ್ಟು ಮಾಡಿದ್ರೂ ಇ. ಕೊಲೈ ಬ್ಯಾಕ್ಟೀರಿಯಾ ಜಗ್ಗಲಿಲ್ಲ. ಅದರ ಹೊರಪೊರೆ ನೆಗೆಟಿವ್, ಸಲ್ಫೋನೇಟೂ ನೆಗೆಟಿವ್, ಹತ್ರಕ್ಕೇ ಬಿಡಲ್ಲ. ಕೊನೆಗೆ ಫೀನೈಲ್ ಬದಲು ಪಿರಿಡಿಲ್ ಇಟ್ಟು, ಮೀಥೈಲ್ ಸೇರಿಸಿ ನಾಲ್ಕು ಪಾಸಿಟಿವ್ ಚಾರ್ಜ್ ಕೊಟ್ಟೆ. ಮಾರನೇ ದಿನ ಇನ್‌ಕ್ಯುಬೇಟರ್ ತೆಗೆದು ನೋಡಿದ್ರೆ ಫಾಯಿಲ್ ಸುತ್ತಿ ಕತ್ತಲಲ್ಲಿಟ್ಟಿದ್ದ ಸ್ಯಾಂಪಲ್‌ನ ಪ್ಲೇಟ್ ತುಂಬಾ ಕಾಲೊನಿ, ಬೆಳಕು ಬಿದ್ದಿದ್ದರ ಪ್ಲೇಟಲ್ಲಿ ಮೂಲೇಲಿ ಎರಡೇ ಎರಡು.