ಹಾಲು ಜಾಸ್ತಿಯಾಯಿತು, ನಮ್ಮ ಡೈರಿ ನಿಂತಿತು

ತಾಲೂಕಿನ ಒಂದು ಸಣ್ಣ ಡೈರಿಯಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದೆ. ಮೊದಲು ಲ್ಯಾಬಿನಲ್ಲಿ, ಆಮೇಲೆ ಹಾಲು ಕಾಯಿಸಿ ಕ್ರಿಮಿ ಕೊಲ್ಲುವ ಪಾಶ್ಚರೈಸರ್ ಯಂತ್ರದ ಹತ್ತಿರ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಹೈನು ಯೋಜನೆಯ ನಂತರ ನಮ್ಮ ಕಡೆ ಊರೂರಲ್ಲೂ ಹಾಲಿನ ಸಂಘ ಆಗಿತ್ತು. ಆ ಹಾಲೆಲ್ಲ 40 ಲೀಟರಿನ ಕ್ಯಾನುಗಳಲ್ಲಿ ಲಾರಿ ಹತ್ತಿ ನಮ್ಮಲ್ಲಿಗೇ ಬರುತ್ತಿತ್ತು.

ಕ್ಯಾನು ಇಳಿದ ಕೂಡಲೇ ಮುಚ್ಚಳ ತೆಗೆದು ಮೂಸಬೇಕು. ಕಲಕುವ ಮೊದಲೇ ಮೂಸಬೇಕು, ಆಮೇಲೆ ಮೂಸಿದರೆ ವಾಸನೆ ಸಿಗುವುದಿಲ್ಲ. ಅನುಮಾನ ಬಂದರೆ ಟೆಸ್ಟ್ ಟ್ಯೂಬಿಗೆ ಸ್ವಲ್ಪ ಹಾಲು ಹಾಕಿ ಕುದಿಯುವ ನೀರಲ್ಲಿ ಇಡುತ್ತಿದ್ದೆ. ಒಡೆದರೆ ಕ್ಯಾನು ವಾಪಸ್. ಫ್ಯಾಟ್ ನೋಡಲು 10 ಮಿಲಿ ಸಲ್ಫ್ಯೂರಿಕ್ ಆಸಿಡ್, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲ್ಲಾಡಿಸಿದರೆ ಗಾಜು ಕೈ ಸುಡುತ್ತಿತ್ತು. ನನ್ನ ಅಂಗಿಗಳಲ್ಲೆಲ್ಲ ಹೊಟ್ಟೆಯ ಹತ್ತಿರ ಸಣ್ಣ ಸಣ್ಣ ತೂತು. ಮನೆಯಲ್ಲಿ ಬೈಗುಳ ತಪ್ಪಲಿಲ್ಲ.

ಪಾಶ್ಚರೈಸರಿನಲ್ಲಿ 72 ಡಿಗ್ರಿ, 15 ಸೆಕೆಂಡು. ಕಾವು ಇಳಿದರೆ ವಾಲ್ವ್ ಟಕ್ ಅಂತ ಹಾಲನ್ನು ಹಿಂದಕ್ಕೆ ತಿರುಗಿಸುತ್ತದೆ. ಬಾಯ್ಲರಿನವನು ಸೌದೆ ಹಾಕಲು ತಡ ಮಾಡಿದ್ದಾನೆ ಅಂತ ಆ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡತೊಡಗಿತು. ಹಾಲು ಏರಿತು. ನಮಗಿನ್ನು ಸುಗ್ಗಿ ಅಂದುಕೊಂಡೆವು. ಆದರೆ ಊರುಗಳಲ್ಲೇ ಬಿಎಂಸಿ, ಅಂದರೆ ಬಲ್ಕ್ ಮಿಲ್ಕ್ ಕೂಲರ್ ಟ್ಯಾಂಕು ಬಂದವು. ಕರೆದ ಹಾಲು ಅಲ್ಲೇ 4 ಡಿಗ್ರಿಗೆ ತಣ್ಣಗಾಗುತ್ತದೆ, ಟ್ಯಾಂಕರ್ ಬಂದು ತುಂಬಿಕೊಂಡು ಸೀದಾ ದೊಡ್ಡ ಡೈರಿಗೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಅದೇ ಸರಿ. ಬೇಸಿಗೆಯಲ್ಲಿ ಮೂರು ಗಂಟೆ ಲಾರಿಯಲ್ಲಿ ಕುಲುಕಿ ಬಂದು ಹುಳಿಯಾದ ಹಾಲನ್ನು ನಾನೇ ಎಷ್ಟು ಸಲ ವಾಪಸ್ ಕಳಿಸಿಲ್ಲ! ಅದು ಯಾರದೋ ಮನೆಯ ಬಟವಾಡೆ ಅಲ್ವಾ?

ನನ್ನ ಬೇಜಾರು ಬೇರೆ. ಪಾಶ್ಚರೈಸರಿನ ಪ್ಲೇಟುಗಳ ನಡುವಿನ ರಬ್ಬರ್ ಗ್ಯಾಸ್ಕೆಟ್ ಸವೆದು ಹಾಲು ಸೋರುತ್ತಿದೆ ಅಂತ ಮೂರು ಸಲ ಬರೆದುಕೊಟ್ಟೆ. "ಹೇಗೂ ಮುಚ್ಚೋದೇ, ಸುಮ್ನೆ ಖರ್ಚು ಯಾಕೆ" ಅಂದರು ಮೇಲಿನವರು. ವರ್ಷ ಕಳೆದ ಮೇಲೆ ಆ ಸೋರಿಕೆಯ ಲೆಕ್ಕವನ್ನೇ ಮುಂದಿಟ್ಟು ಡೈರಿ ನಷ್ಟದಲ್ಲಿದೆ ಅಂದರು.

ಮೊದಲು ಪ್ಯಾಕಿಂಗ್ ನಿಂತಿತು. ಆಮೇಲೆ ಬರೀ ಹಾಲು ತಣ್ಣಗೆ ಮಾಡುವ ಕೆಲಸ. ಕೊನೆಗೆ ಅದೂ ಇಲ್ಲ. ಕ್ಯಾನುಗಳು ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋದವು.

ನಮ್ಮ ಲಾರಿಗಳು ತಿರುಗುವಾಗ ಬೇರೆ ಗಾಡಿ ನಿಧಾನವಾಗಲಿ ಅಂತ ಗೇಟಿನ ಮುಂದೆ ರಸ್ತೆಗೆ ಒಂದು ಹಂಪ್ ಹಾಕಿಸಿದ್ದರು. ಅದು ಇನ್ನೂ ಇದೆ. ಬೆಳಗ್ಗೆ ಹಾಲಿನ ಟ್ಯಾಂಕರ್ ಅಲ್ಲಿ ಸ್ವಲ್ಪ ನಿಧಾನವಾಗಿ, ಹತ್ತಿಳಿದು ಮುಂದೆ ಹೋಗುತ್ತದೆ.